ಅಪ್ಪನಿಗೆ ಅಮ್ಮನ ಕಿಡ್ನಿ ಈಗಲೇ ಹಾಕಿಸುದಾ, ಅಲ್ಲ ಆರ್ಟಿಫಿಶಿಯಲ್ ಕಿಡ್ನಿ ಬರುವವರೆಗೆ ಕಾಯುದಾ?

ಬ್ರಹ್ಮಾವರದವ

ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಉಂಟು, ಸುಧಾರಿಸ್ಕೊಳ್ಳಿ. ಅಪ್ಪನಿಗೆ 58 ವರ್ಷ, ಶುಗರ್ ಬಿಪಿ ಎರಡೂ ಹಳೇದು, ಕಳೆದ ಮಳೆಗಾಲದಿಂದ ಡಯಾಲಿಸಿಸ್‌ನಲ್ಲಿದ್ದಾರೆ, ವಾರಕ್ಕೆ ಮೂರು ಸಲ, ಬೆಳಿಗ್ಗೆಯ ಫಸ್ಟ್ ಶಿಫ್ಟ್ ಸಿಕ್ಕಿದ ಕಾರಣ ನಸುಕಿಗೇ ಹೊರಟು ಉಡುಪಿಗೆ ಕರ್ಕೊಂಡು ಹೋಗಿ ಬಿಟ್ಟು ನಾನು ಅಲ್ಲಿಂದಲೇ ಕೆಲಸಕ್ಕೆ ಹೋಗುದು. ಹಾರ್ಟ್ ಎಲ್ಲ ಚೆಕ್ ಮಾಡಿ ಡಾಕ್ಟ್ರು ಟ್ರಾನ್ಸ್‌ಪ್ಲಾಂಟ್ ಮಾಡ್ಬಹುದು ಅಂತ ಹೇಳಿದ್ದಾರೆ. ಅಮ್ಮನದ್ದು ಅಪ್ಪನದ್ದು ಒಂದೇ ಬ್ಲಡ್ ಗ್ರೂಪ್, ಅಮ್ಮ ಡಾಕ್ಟ್ರ ಎದುರೇ ನಾನು ಕೊಡ್ತೇನೆ ಅಂತ ಹೇಳಿಯೂ ಆಯ್ತು.

ಈಗ ತಲೆಬಿಸಿ ಎಂತದ್ದು ಅಂದ್ರೆ ದುಬೈಯಲ್ಲಿರುವ ಅಣ್ಣ. ದಿನಾ ಒಂದೊಂದು ವಿಡಿಯೋ ಕಳಿಸ್ತಾನೆ, ಅಮೆರಿಕದಲ್ಲಿ ಹಂದಿ ಕಿಡ್ನಿ ಹಾಕಿದ್ರಂತೆ, ಹೊಟ್ಟೆ ಒಳಗೇ ಇಡುವ ಸಣ್ಣ ಮೆಷಿನ್ ಕಿಡ್ನಿ ಬರ್ತದಂತೆ, ಆಸ್ಟ್ರೇಲಿಯಾದಲ್ಲಿ ಒಬ್ಬರು ಲೋಹದ ಹೃದಯ ಇಟ್ಕೊಂಡು ಮನೆಗೆ ಹೋದ್ರಂತೆ. ಅವನ ಲೆಕ್ಕ ಎಂತ ಅಂದ್ರೆ ಇನ್ನೊಂದು ಎರಡು ವರ್ಷ ಡಯಾಲಿಸಿಸ್‌ನಲ್ಲೇ ದೂಡಿದ್ರೆ ಇದೆಲ್ಲ ನಮ್ಮಲ್ಲಿಗೂ ಬರ್ತದೆ, ಚೆನ್ನಾಗಿರುವ ಅಮ್ಮನನ್ನು ಸುಮ್ಮನೆ ಯಾಕೆ ಕೊಯ್ಸುದು ಅಂತ. ಅವನು ಹೇಳುದರಲ್ಲಿ ಸತ್ಯ ಇಲ್ಲ ಅಂತ ಹೇಳ್ಲಿಕ್ಕೆ ನಂಗೆ ಆಗುದಿಲ್ಲ, ವಿಡಿಯೋ ಎಲ್ಲ ಒರಿಜಿನಲ್ಲೇ ಕಾಣ್ತದೆ. ಅಪ್ಪನ ಹತ್ರ ಕೇಳಿದ್ರೆ ಮೊದಲಿನ ಹಾಗೆ ಮೀನು ಉಪ್ಪಿನಕಾಯಿ ತಿನ್ಲಿಕ್ಕೆ ಬಿಟ್ರೆ ಹಂದಿದ್ದೂ ಆಗ್ಬಹುದು ಅಂತಾರೆ, ಅವ್ರಿಗೆ ತಮಾಷೆ. ಇದರ ಬಗ್ಗೆ ಗೊತ್ತಿರುವವರು, ಮನೆಯಲ್ಲಿ ಅನುಭವ ಆದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.


ಡಯಾಲಿಸಿಸ್ ಟೆಕ್ನಿಷಿಯನ್, ಮಂಗ್ಳೂರು

ನಾನು ಇದೇ ಕೆಲಸದಲ್ಲಿರುವವ. ಮೊದಲು ನಿಮ್ಮ ಅಣ್ಣನಿಗೆ ಒಂದು ವಿಷಯ ಹೇಳಿ, ಆರ್ಟಿಫಿಶಿಯಲ್ ಕಿಡ್ನಿ ಇನ್ನು ಬರ್ಲಿಕ್ಕೆ ಇರುದಲ್ಲ, ನಿಮ್ಮ ಅಪ್ಪ ವಾರಕ್ಕೆ ಮೂರು ಸಲ ಅದರ ಪಕ್ಕದಲ್ಲೇ ಮಲಗುದು. 1943ರಲ್ಲಿ ಹಾಲೆಂಡಿನಲ್ಲಿ ವಿಲೆಮ್ ಕಾಲ್ಫ್ ಅಂತ ಡಾಕ್ಟ್ರು, ಹೊರಗೆ ಜರ್ಮನ್ ಸೈನ್ಯ ಇರುವ ಟೈಮಲ್ಲಿ, ಸಾಸೇಜ್ ತುಂಬಿಸುವ ಸೆಲೋಫೇನ್ ಟ್ಯೂಬನ್ನು ಡ್ರಮ್ಮಿಗೆ ಸುತ್ತಿ ಮಾಡಿದ್ದೇ ಮೊದಲನೇದು. ಅದರಿಂದ ಮೊದಲ ಪೇಶಂಟ್ ಬದುಕಿದ್ದು 1945ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಮೆಷಿನ್ ತುಂಬ ಸುಧಾರಿಸಿದೆ, ಆದ್ರೆ ತತ್ವ ಅದೇ, ಒಂದು ತೆಳು ಪೊರೆಯ ಈಚೆ ರಕ್ತ, ಆಚೆ ನೀರು.

ಆ ನೀರಿನ ಲೆಕ್ಕ ಒಮ್ಮೆ ಹಾಕಿ. ನಿಮಿಷಕ್ಕೆ 500 ಎಂಎಲ್ ಡಯಾಲಿಸೇಟ್ ಓಡ್ತದೆ, ನಾಲ್ಕು ಗಂಟೆಗೆ 120 ಲೀಟರ್ ಆಯ್ತು, ಅದೂ ಮನೆ ನಳ್ಳಿ ನೀರಲ್ಲ, ಆರ್‌ಓ ಮಾಡಿದ್ದೇ ಆಗ್ಬೇಕು, ಯಾಕಂದ್ರೆ ರಕ್ತಕ್ಕೂ ಅದಕ್ಕೂ ಮಧ್ಯೆ ಇರುದು ಆ ಪೊರೆ ಮಾತ್ರ. ಸೊಂಟಕ್ಕೆ ಕಟ್ಟುವ ಕಿಡ್ನಿ, ಹೊಟ್ಟೆಯೊಳಗಿಡುವ ಕಿಡ್ನಿ ಯಾಕೆ ಇಷ್ಟು ವರ್ಷ ಆದ್ರೂ ಬರ್ಲಿಲ್ಲ ಅಂತ ಕೇಳಿದ್ರೆ ಮೊದಲ ಕಾರಣ ಇದು, ಅಷ್ಟು ನೀರನ್ನು ಎಲ್ಲಿ ಹೊರುದು. ವಿಕ್ಟರ್ ಗುರಾ ಅಂತ ಒಬ್ಬರು ಸ್ವಲ್ಪವೇ ನೀರನ್ನು ಮತ್ತೆ ಮತ್ತೆ ಶುದ್ಧ ಮಾಡಿ ಓಡಿಸುವ ಬೆಲ್ಟ್ ಮಾಡಿ 2014ರಲ್ಲಿ ಸಿಯಾಟಲ್‌ನಲ್ಲಿ ಪೇಶಂಟ್‌ಗಳಿಗೆ ಹಾಕಿ ನೋಡಿದ್ರು, ಗುಳ್ಳೆ ಬರುದು ಅದು ಇದು ತೊಂದರೆ ಆಗಿ ಟ್ರಯಲ್ ಮಧ್ಯದಲ್ಲೇ ನಿಲ್ಲಿಸ್ಬೇಕಾಯ್ತು.

ಮತ್ತೆ ಒಂದು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿದ್ರೂ ನಿಜವಾದ ಕಿಡ್ನಿ ಮಾಡುವ ಕೆಲಸದ ನೂರಕ್ಕೆ 10-15 ಭಾಗ ಮಾತ್ರ ಆಗುದು. ರಕ್ತ ಉತ್ಪತ್ತಿ ಆಗ್ಲಿಕ್ಕೆ ಬೇಕಾದ ಎರಿತ್ರೋಪೊಯೆಟಿನ್ ಕಿಡ್ನಿಯಿಂದಲೇ ಬರುದು, ಮೆಷಿನ್‌ನಿಂದ ಬರುದಿಲ್ಲ, ಹಾಗಾಗಿ ಇಂಜೆಕ್ಷನ್. ಉಳಿದದ್ದೆಲ್ಲ ಬಾಯಿ ಕಟ್ಟಿ ಸರಿದೂಗಿಸುದು. ಬೊಂಡ (ಎಳನೀರು) ಕುಡಿಯುವ ಹಾಗಿಲ್ಲ ಅಂತ ನಾನು ಹೇಳಿದ್ರೆ ಕೆಲವರು ನನ್ನನ್ನೇ ಗುರಾಯಿಸ್ತಾರೆ, ಕಿಡ್ನಿಗೆ ತಂಪು ಅಂತ ಊರಿಡೀ ಹೇಳ್ತದಲ್ಲ, ಆದ್ರೆ ಅದರಲ್ಲಿರುವ ಪೊಟ್ಯಾಶಿಯಂ ಇವ್ರ ಹೃದಯವನ್ನೇ ನಿಲ್ಲಿಸ್ಬಹುದು. ಗಂಜಿಯ ತೆಳಿಯನ್ನೂ ನೀರಿನ ಲೆಕ್ಕಕ್ಕೆ ಹಿಡಿಯಿರಿ, ಅದನ್ನು ಹೆಚ್ಚಿನವರು ಬಿಟ್ಟೇ ಬಿಡ್ತಾರೆ. ಡಯಾಲಿಸಿಸ್‌ನಲ್ಲಿ ವರ್ಷಗಟ್ಟಲೆ ಚೆನ್ನಾಗಿರುವವರೂ ಇದ್ದಾರೆ, ಇಲ್ಲ ಅಂತಲ್ಲ. ಆದ್ರೆ ಶುಗರ್ ಇರುವವರಲ್ಲಿ ರಕ್ತನಾಳ ಹಾರ್ಟ್ ಎರಡೂ ಸವೆಯುತ್ತಾ ಹೋಗ್ತದೆ, ಇವತ್ತು ಟ್ರಾನ್ಸ್‌ಪ್ಲಾಂಟ್‌ಗೆ ಫಿಟ್ ಇದ್ದವ್ರು ಎರಡು ವರ್ಷದ ನಂತರ ಫಿಟ್ ಇರ್ತಾರೆ ಅಂತ ಯಾರೂ ಬರೆದು ಕೊಡುದಿಲ್ಲ. ನಿಮ್ಮ ಅಣ್ಣನ ಲೆಕ್ಕದಲ್ಲಿ ಕಾಯುದಕ್ಕೆ ಖರ್ಚೇ ಇಲ್ಲ, ತಪ್ಪಿದ್ದು ಅಲ್ಲಿ.


ಬಯೋಮೆಡ್ ಹುಡುಗಿ

ಟೆಕ್ನಿಷಿಯನ್ ಅಣ್ಣ ಹೇಳಿದ್ದು ಸರಿ, ನಾನು ಹಂದಿ ವಿಷಯ ಹೇಳ್ತೇನೆ, ನನ್ನ ಕಾಲೇಜ್ ಸೆಮಿನಾರ್ ಇದೇ ಟಾಪಿಕ್ ಆಗಿತ್ತು. ವಿಡಿಯೋಗಳು ಸುಳ್ಳಲ್ಲ. ಆದ್ರೆ ವಿಡಿಯೋ ಆಪರೇಷನ್ ದಿನದ್ದು, ಮುಂದೆ ಎಂತ ಆಯ್ತು ಅಂತ ಫಾರ್ವರ್ಡ್ ಬರುದಿಲ್ಲ.

2024ರ ಮಾರ್ಚಲ್ಲಿ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಸ್ಲೇಮನ್ ಅಂತ 62 ವರ್ಷದವ್ರಿಗೆ ಹಂದಿ ಕಿಡ್ನಿ ಹಾಕಿದ್ರು, ಸುಮಾರು ಎರಡು ತಿಂಗಳಲ್ಲಿ ತೀರಿಕೊಂಡ್ರು, ಕಿಡ್ನಿಯಿಂದಾಗಿ ಅಂತ ಕಾಣುದಿಲ್ಲ ಅಂತ ಆಸ್ಪತ್ರೆ ಹೇಳಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಟೊವಾನಾ ಲೂನಿಯವ್ರಿಗೆ ಹಾಕಿದ್ದು 130 ದಿನ ಚೆನ್ನಾಗಿ ಕೆಲಸ ಮಾಡಿತು, ಮತ್ತೆ ಇನ್ಫೆಕ್ಷನ್ ಆಗಿ ಅದಕ್ಕೋಸ್ಕರ ರಿಜೆಕ್ಷನ್ ತಡೆಯುವ ಮದ್ದು ಕಮ್ಮಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸಿತು, ತೆಗೀಬೇಕಾಯ್ತು, ಅವ್ರು ವಾಪಸ್ ಡಯಾಲಿಸಿಸ್‌ಗೆ. 2025ರ ಜನವರಿಯಲ್ಲಿ ಟಿಮ್ ಆ್ಯಂಡ್ರೂಸ್‌ಗೆ ಹಾಕಿದ್ದು 271 ದಿನ ಬಂತು. ಎರಡು ತಿಂಗಳಿಂದ ಒಂಬತ್ತು ತಿಂಗಳಿಗೆ ಬಂದದ್ದು ಸಣ್ಣ ವಿಷಯ ಅಲ್ಲ, ನಂಗೆ ಅದರಲ್ಲಿ ತುಂಬ ಕುತೂಹಲ ಉಂಟು. 2025ರಲ್ಲಿ ಅಮೆರಿಕದ ಎಫ್‌ಡಿಎ ಸರಿಯಾದ ಟ್ರಯಲ್‌ಗೂ ಒಪ್ಪಿಗೆ ಕೊಟ್ಟಿದೆ. ಆದ್ರೆ ಅಮ್ಮನಂಥ ಜೀವಂತ ಡೋನರ್ ಕೊಟ್ಟ ಕಿಡ್ನಿ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬರ್ತದೆ, ಇಪ್ಪತ್ತು ದಾಟಿದವ್ರೂ ಇದ್ದಾರೆ. ತಿಂಗಳ ಲೆಕ್ಕದ್ದನ್ನೂ ವರ್ಷದ ಲೆಕ್ಕದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಇದು ಬರೀ ಹಂದಿಯದ್ದನ್ನು ತೆಗೆದು ಹೊಲಿಯುದಲ್ಲ. ಹಂದಿಯ ಜೀವಕೋಶದ ಮೇಲೆ ಒಂದು ಥರದ ಸಕ್ಕರೆ ಅಣು ಉಂಟು, ನಮ್ಮ ರಕ್ತ ಅದನ್ನು ಕಂಡ ಕೂಡಲೇ ಮೇಲೆ ಬೀಳ್ತದೆ, ಎಡಿಟ್ ಮಾಡದ ಕಿಡ್ನಿ ಆದ್ರೆ ನಿಮಿಷ ಗಂಟೆಯ ಒಳಗೆ ಕಪ್ಪಾಗ್ತದೆ. ಹಾಗಾಗಿ ಜೀನ್ ಎಡಿಟ್ ಮಾಡುದು, ಅಂದ್ರೆ ಹಂದಿಯ ವಂಶವಾಹಿಯನ್ನೇ ತಿದ್ದುದು. ಲೂನಿಯವ್ರ ಕಿಡ್ನಿಗೆ 10 ಕಡೆ, ಸ್ಲೇಮನ್‌ರದ್ದಕ್ಕೆ 69 ಕಡೆ, ಅದರಲ್ಲಿ 59 ಹಂದಿಯ ಡಿಎನ್‌ಎಯಲ್ಲೇ ಕೂತಿರುವ ಹಳೆ ವೈರಸ್‌ಗಳನ್ನು ಸುಮ್ಮನಾಗಿಸ್ಲಿಕ್ಕೆ. 2022ರಲ್ಲಿ ಮೇರಿಲ್ಯಾಂಡ್‌ನಲ್ಲಿ ಹಂದಿ ಹೃದಯ ಹಾಕಿಸಿಕೊಂಡ ಡೇವಿಡ್ ಬೆನೆಟ್ ಅವ್ರ ದೇಹದಲ್ಲಿ ಆಮೇಲೆ ಹಂದಿಯ ಬೇರೆ ಒಂದು ವೈರಸ್ ಸಿಕ್ಕಿತ್ತು, ಅಂದ್ರೆ ಆ ಹೆದರಿಕೆಯೂ ಸುಮ್ಮನೆ ಅಲ್ಲ.

ಅಂದ ಹಾಗೆ ಈ ಹಂದಿ ಹೃದಯದ ಸಾಹಸ ನಮ್ಮ ದೇಶದಲ್ಲೇ 1997ರಲ್ಲಿ ಆಗಿತ್ತು, ಗುವಾಹಟಿ ಹತ್ರ ಧನಿರಾಮ್ ಬರುವಾ ಅಂತ ಸರ್ಜನ್. ಪೇಶಂಟ್ ಏಳು ದಿನ ಬದುಕಿದ್ರು, ಡಾಕ್ಟ್ರು ಜೈಲಿಗೆ ಹೋದ್ರು. ಆಗ ಜೀನ್ ಎಡಿಟಿಂಗ್ ಅಂತ ಹೇಳುವಂಥದ್ದು ಎಂತದ್ದೂ ಕೈಯಲ್ಲಿ ಇರ್ಲಿಲ್ಲ, ಧೈರ್ಯ ಮಾತ್ರ ಇದ್ದದ್ದು.

ಹೊಟ್ಟೆ ಒಳಗಿನ ಮೆಷಿನ್ ಕಿಡ್ನಿ ಅಂದದ್ದು ಸ್ಯಾನ್ ಫ್ರಾನ್ಸಿಸ್ಕೋದ ಶುವೊ ರಾಯ್ ತಂಡದ್ದು ಇರ್ಬೇಕು. ಐಡಿಯಾ ಭಾರಿ ಚಂದ, ಸಿಲಿಕಾನ್ ಚಿಪ್ಪಲ್ಲಿ ನ್ಯಾನೋ ತೂತುಗಳ ಫಿಲ್ಟರ್, ಪಂಪ್ ಬೇಡ, ಹೃದಯದ ಒತ್ತಡದಿಂದಲೇ ರಕ್ತ ಹಾದು ಹೋಗುದು, ಇನ್ನೊಂದು ಭಾಗದಲ್ಲಿ ಜೀವಂತ ಕಿಡ್ನಿ ಸೆಲ್ಸ್. ಸೆಲ್ಸ್ ಇರುವ ಭಾಗವನ್ನು ಹಂದಿಗಳಲ್ಲಿ ಒಂದು ವಾರ ಇಟ್ಟು ಕೆಲಸ ಮಾಡ್ತದೆ ಅಂತ 2023ರಲ್ಲಿ ತೋರಿಸಿದ್ದಾರೆ. ಹಂದಿಯಲ್ಲಿ ಒಂದು ವಾರ. ಇದನ್ನು ಅಣ್ಣನಿಗೆ ದಪ್ಪ ಅಕ್ಷರದಲ್ಲಿ ಕಳಿಸಿ.


ಬೆಂಗಳೂರು ಬಾಯ್

ಗುರು ಇಷ್ಟೆಲ್ಲ ಯಾಕೆ, 3ಡಿ ಪ್ರಿಂಟಿಂಗ್ ಬಂದಿದೆಯಲ್ಲ, ನಿಮ್ದೇ ಸೆಲ್ಸ್ ತಗೊಂಡು ಕಿಡ್ನಿ ಪ್ರಿಂಟ್ ಹೊಡೆದು ಹಾಕ್ತಾರೆ, ರಿಜೆಕ್ಷನ್ನೇ ಇರಲ್ಲ. ಐದು ವರ್ಷ ಅಷ್ಟೇ ನೋಡ್ತಿರಿ.


ಬಯೋಮೆಡ್ ಹುಡುಗಿ

ಹತ್ತು ವರ್ಷ ಮೊದಲೂ ಐದೇ ವರ್ಷ ಅಂತ ಹೇಳ್ತಿದ್ರು ಸರ್ 😀 ತೆಳುವಾದದ್ದು, ಟೊಳ್ಳಾದದ್ದು ಮಾಡ್ಲಿಕ್ಕೆ ಆಗ್ತದೆ. ಆಂಥನಿ ಅಟಾಲಾ ಅವ್ರ ತಂಡ ಮಕ್ಕಳದ್ದೇ ಸೆಲ್ಸ್ ಬೆಳೆಸಿ ಮೂತ್ರಕೋಶ ಮಾಡಿ ಹಾಕಿದ್ದನ್ನು 2006ರಲ್ಲೇ ಪಬ್ಲಿಷ್ ಮಾಡಿದ್ರು. ಕಿಡ್ನಿ ಲಿವರ್ ಹಾಗಲ್ಲ, ಗಟ್ಟಿ ಅಂಗ, ಒಂದೊಂದು ಸೆಲ್ಲಿಗೂ ಕೂದಲಿನಷ್ಟು ದೂರದೊಳಗೆ ರಕ್ತನಾಳ ಇರ್ಬೇಕು, ಇಲ್ಲದಿದ್ರೆ ಒಳಗಿನದ್ದು ಸತ್ತು ಹೋಗ್ತದೆ. ಆಕಾರ ಪ್ರಿಂಟ್ ಮಾಡ್ಬಹುದು, ಆ ನಾಳದ ಬಲೆಯೇ ಕಷ್ಟ.

ಅವಸರ ಮಾಡಿದ್ರೆ ಎಂತ ಆಗ್ತದೆ ಅಂತ ನೋಡ್ಬೇಕಿದ್ರೆ ಮಕ್ಕಿಯಾರಿನಿ ಕೇಸ್ ಹುಡುಕಿ. ಸ್ವೀಡನ್‌ನ ಕರೋಲಿನ್ಸ್ಕಾದಲ್ಲಿ 2011ರಿಂದ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಸ್ಟೆಮ್ ಸೆಲ್ ಹಚ್ಚಿ ಹಾಕಿದ ಸರ್ಜನ್. ಆಗ ಪೇಪರಲ್ಲಿ ಟಿವಿಯಲ್ಲಿ ಎಲ್ಲ ಹೀರೋ. ಅಲ್ಲಿ ಹಾಕಿಸಿಕೊಂಡ ಮೂರೂ ಜನ ತೀರಿಕೊಂಡ್ರು, 2023ರಲ್ಲಿ ಅವನಿಗೆ ಎರಡೂವರೆ ವರ್ಷ ಜೈಲು ಆಯ್ತು.


ಮಣಿಪಾಲ ಹಳಬ

ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕ್ಬೇಡಿ ಮಾರಾಯ್ರೆ. ಕೃತಕ ಅಂಗ ಅಂದ್ರೆ ಎಲ್ಲ ಕನಸು ಅಂತ ಹೊಸಬರಿಗೆ ಅನ್ನಿಸ್ಬಾರ್ದು. ನಮ್ಮ ಅತ್ತೆಗೆ ಹಾರ್ಟ್‌ನ ವಾಲ್ವ್ ಹಾಳಾಗಿ ಚಿತ್ರಾ ವಾಲ್ವ್ ಹಾಕಿಸಿ ಎಷ್ಟೋ ವರ್ಷ ಆಯ್ತು, ಈಗಲೂ ಕಟೀಲು ಜಾತ್ರೆಗೆ ಹೋಗ್ತಾರೆ, ರಾತ್ರಿ ಮನೆ ಸದ್ದಿಲ್ಲದ ಹೊತ್ತಿಗೆ ಹತ್ರ ಕೂತ್ರೆ ಟಿಕ್ ಟಿಕ್ ಕೇಳ್ತದೆ. ರಕ್ತ ತೆಳು ಮಾಡುವ ಮಾತ್ರೆ ಮಾತ್ರ ತಪ್ಪಿಸುವ ಹಾಗಿಲ್ಲ. ಅದು ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವ್ರ ತಂಡ ಮಾಡಿದ್ದು. ಮೊದಲ ಮೂರು ಮಾಡೆಲ್ ಫೇಲ್, ನಾಲ್ಕನೇದು 1990ರ ಡಿಸೆಂಬರಲ್ಲಿ ಮೊದಲ ಪೇಶಂಟಿಗೆ ಹಾಕಿದ್ದು, ಈಗ ಲಕ್ಷ ದಾಟಿದೆ. ಅದೇ ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲದ ಯೂನಿವರ್ಸಿಟಿಯ ಮೊದಲ ವೈಸ್ ಚಾನ್ಸಲರ್ ಆಗಿ ಬಂದ್ರು, 2024ರಲ್ಲಿ ತೀರಿಕೊಂಡದ್ದೂ ಮಣಿಪಾಲದಲ್ಲೇ. ನಮ್ಮ ಮಕ್ಕಳಿಗೆ ಇದು ಗೊತ್ತೇ ಇಲ್ಲ, ಬೋಸ್ಟನ್ ಗೊತ್ತುಂಟು.

ನಾನು ನೋಡಿದ ಪ್ರಕಾರ ತೆರೆದು ಮುಚ್ಚುವ ಕೆಲಸ, ಪಂಪ್ ಕೆಲಸ ಆದ್ರೆ ಎಂಜಿನಿಯರ್‌ಗಳು ಹೇಗಾದ್ರೂ ಮಾಡ್ತಾರೆ, ಕಿಡ್ನಿ ಲಿವರ್ ಥರ ಕೆಮಿಸ್ಟ್ರಿ ಇರುವ ಕಡೆ ಕೈ ಸೋಲುದು. ಪಂಪಲ್ಲೂ ನೋಡಿ, ಆ ಆಸ್ಟ್ರೇಲಿಯಾದ ಟೈಟಾನಿಯಂ ಹೃದಯ ಬೈವಾಕೋರ್, ಒಳಗೆ ಅಯಸ್ಕಾಂತದಲ್ಲಿ ತೇಲ್ತಾ ತಿರುಗುವ ಒಂದೇ ಒಂದು ಚಕ್ರ, ಸವೆಯುದೇ ಇಲ್ಲ ಅಂತ. 2024ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಹಾಕಿದ್ದು, ಅವ್ರು ನೂರು ದಿನದ ಮೇಲೆ ಇದ್ದದ್ದು ಹೌದು, ಮನೆಗೆ ಹೋದದ್ದೂ ಹೌದು. ಕೊನೆಗೆ 2025ರ ಮಾರ್ಚಲ್ಲಿ ಮನುಷ್ಯನ ಹೃದಯ ಸಿಕ್ಕಿ ಅದನ್ನೇ ಹಾಕಿದ್ರು. ಅಲ್ಲಿವರೆಗೆ ಜೀವ ಹಿಡಿದಿಟ್ಟದ್ದು ಮೆಷಿನ್.


ಕಿಡ್ನಿ ಅಕ್ಕನದ್ದು

ನಾನು ಮುಲ್ಕಿಯವ, ಹೆಸರಲ್ಲೇ ಉಂಟು, ನಂಗೆ ನನ್ನ ಅಕ್ಕ ಕೊಟ್ಟದ್ದು, ಕೊರೋನಾಕ್ಕಿಂತ ಮೊದಲೇ. ಅನುಭವ ಕೇಳಿದ್ರಿ ಅಂತ ಬರೀತಿದ್ದೇನೆ.

ಒಂದು ವಿಷಯ ಯಾರೂ ಮೊದಲೇ ಹೇಳುದಿಲ್ಲ, ಹಳೆ ಕಿಡ್ನಿ ತೆಗೆಯುದಿಲ್ಲ, ಅದು ಅಲ್ಲೇ ಇರ್ತದೆ, ಹೊಸತನ್ನು ಕೆಳಹೊಟ್ಟೆಯ ಬದಿಯಲ್ಲಿ ಕೂರಿಸುದು. ಈಗ ನನ್ನ ಹತ್ರ ಮೂರು ಉಂಟು, ಕೆಲಸ ಮಾಡುದು ಒಂದು, ಪಂಚಾಯತ್‌ನ ಹಾಗೆ. ಆಪರೇಷನ್ ಟೇಬಲ್ ಮೇಲೆಯೇ ಮೂತ್ರ ಬರ್ಲಿಕ್ಕೆ ಶುರು ಆಯ್ತಂತೆ. ಎಚ್ಚರ ಆದ ಮೇಲೆ ನರ್ಸ್ ಬಂದು ನೀರು ಕುಡೀರಿ ಕುಡೀರಿ ಅಂದಾಗ, ಗ್ಲಾಸಲ್ಲಿ ಅಳೆದು ಕುಡಿದು ಅಭ್ಯಾಸ ಆದವನಿಗೆ ಕೈಯೇ ಬರ್ಲಿಲ್ಲ.

ಆದ್ರೆ ಇದು ಗುಣ ಆಗುದು ಅಂತ ತಿಳ್ಕೊಳ್ಬೇಡಿ, ಒಂದು ಕಾಯಿಲೆಯಿಂದ ಇನ್ನೊಂದು ಸಣ್ಣ ಕಾಯಿಲೆಗೆ ಬರುದು. ರಿಜೆಕ್ಷನ್ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ ಮತ್ತೆ ಅದರ ಜೊತೆಯವು ಜೀವಮಾನ ಇಡೀ, ಬೆಳಿಗ್ಗೆ ರಾತ್ರಿ ಅದೇ ಹೊತ್ತಿಗೆ. ಕೈ ಸ್ವಲ್ಪ ನಡುಗ್ತದೆ. ಅಪ್ಪನಿಗೆ ಶುಗರ್ ಉಂಟಲ್ಲ, ಸ್ಟಿರಾಯ್ಡ್ ಮತ್ತೆ ಟ್ಯಾಕ್ರೋ ಎರಡೂ ಶುಗರ್ ಏರಿಸ್ತದೆ, ಇನ್ಸುಲಿನ್ ಜಾಸ್ತಿ ಆಗ್ಬಹುದು, ಈಗಲೇ ಕೇಳಿಟ್ಕೊಳ್ಳಿ. ಮೊದಲ ಮೂರು ತಿಂಗಳು ಮದುವೆ ಮುಂಜಿ ಕೋಲ ನೇಮ ಅಂತ ಜನ ಸೇರುವಲ್ಲಿಗೆ ಇಲ್ಲ. ಹಸಿ ಅರ್ಧ ಬೆಂದದ್ದು ಇಲ್ಲ, ಬೀದಿಬದಿಯ ಕಬ್ಬಿನ ಹಾಲು ಇಲ್ಲ. ಮೀನು ಈಗ ನಾನು ಆರಾಮಾಗಿ ತಿನ್ತೇನೆ, ಚೆನ್ನಾಗಿ ಬೇಯಿಸಿ, ಅದನ್ನು ಅಪ್ಪನಿಗೆ ಖಂಡಿತ ಹೇಳಿ. ಉಪ್ಪಿನಕಾಯಿಗೆ ಆಸೆ ಇಟ್ಕೊಳ್ಬೇಡಿ ಅಂತಲೂ ಹೇಳಿ.

ತಿಂಗಳ ಮಾತ್ರೆ ಖರ್ಚು ಇರ್ತದೆ, ಲೆಕ್ಕ ಹಾಕಿಯೇ ಮುಂದೆ ಹೋಗಿ. ಬಿಪಿಎಲ್ ಕಾರ್ಡ್ ಇದ್ರೆ ಆಪರೇಷನ್‌ಗೆ ಸರ್ಕಾರದ ಸಹಾಯ ಸಿಗ್ತದೆ, ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಹತ್ರ ಕೇಳಿ, ಕೌಂಟರ್‌ನಲ್ಲಿ ಕೇಳಿದ್ರೆ ಎಲ್ಲ ಕಡೆ ಒಂದೇ ಉತ್ತರ ಬರುದಿಲ್ಲ.


ಕುಂದಾಪ್ರದ ಟೀಚರ್

ಇಷ್ಟು ಉದ್ದ ಓದಿದೆ, ಒಬ್ರೂ ಅಮ್ಮನ ವಿಷಯ ಕೇಳ್ಲಿಲ್ಲ ಅಲ್ದಾ? ತಮ್ಮಾ, ನಿನ್ನ ಅಮ್ಮ ಡಾಕ್ಟ್ರ ಎದುರು ಕೊಡ್ತೇನೆ ಅಂದ್ರು, ಸರಿ. ಗಂಡನೂ ಮಗನೂ ಪಕ್ಕದಲ್ಲಿ ಕೂತಿರುವಾಗ ಯಾವ ಹೆಂಗಸು ಬೇಡ ಅಂತಾಳೆ? ನಮ್ಮ ದೇಶದಲ್ಲಿ ಬದುಕಿರುವಾಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ತಗೊಳ್ಳುವವರಲ್ಲಿ ಹೆಚ್ಚಿನವರು ಗಂಡಸರು, ಇದು ಸುಮ್ಮನೆ ಆದದ್ದಲ್ಲ. ಅದಕ್ಕೇ ಅಂಗಾಂಗ ಕಸಿಯ 2014ರ ರೂಲ್ಸ್‌ನಲ್ಲಿ ಕೊಡುವವಳು ಹೆಂಗಸಾದ್ರೆ ಹೆಚ್ಚು ಜಾಗ್ರತೆ ಬೇಕು, ಅವಳ ಒಪ್ಪಿಗೆ ಸ್ವಂತದ್ದಾ ಅಂತ ತಗೊಳ್ಳುವವನಲ್ಲದೆ ಬೇರೆಯವ್ರಿಂದ ಖಾತ್ರಿ ಮಾಡ್ಬೇಕು ಅಂತ ಬರೆದದ್ದು. ಅಮ್ಮನನ್ನು ಒಬ್ರನ್ನೇ ಕೋಆರ್ಡಿನೇಟರ್ ಹತ್ರ ಮಾತಾಡ್ಲಿಕ್ಕೆ ಬಿಡು. ಬೇಡ ಅನ್ನಿಸಿದ್ರೆ ಕಾರಣ ಮನೆಯವ್ರಿಗೆ ಹೇಳ್ಬೇಕಂತ ಇಲ್ಲ, ಮೆಡಿಕಲಿ ಆಗುದಿಲ್ಲ ಅಂತಷ್ಟೇ ಹೇಳುವ ಡಾಕ್ಟ್ರು ಇದ್ದಾರೆ.

ಮತ್ತೆ ಅಮ್ಮನನ್ನು ಯಾಕೆ ಕೊಯ್ಸುದು ಅಂತ ಅಣ್ಣ ಹೇಳುದು ಪ್ರೀತಿಯಿಂದಲೇ ಇರ್ಬಹುದು, ನಾ ಇಲ್ಲ ಅಂತ ಹೇಳುದಿಲ್ಲ. ಆ ಪ್ರೀತಿ ಇದ್ದವ ಸ್ವಂತ ಟೆಸ್ಟ್ ಮಾಡಿಸಿದ್ನಾ? ವಿಡಿಯೋ ಕಳಿಸ್ಲಿಕ್ಕೆ ಡಾಟಾ ಸಾಕು.


ಟೆಕ್ನಿಷಿಯನ್, ಮಂಗ್ಳೂರು

ಟೀಚರ್ ಹೇಳಿದ್ದಕ್ಕೆ ಸಲಾಂ. ಒಂದು ಮಾತು ಅಣ್ಣನ ಪರವಾಗಿಯೂ ಹೇಳ್ತೇನೆ, ಶುಗರ್‌ನಿಂದ ಕಿಡ್ನಿ ಹೋದ ಅಪ್ಪನ ಮಕ್ಕಳಿಗೆ ಮುಂದೆ ಶುಗರ್ ಬರುವ ಚಾನ್ಸ್ ಜಾಸ್ತಿ, ಅದಕ್ಕೆ ಡಾಕ್ಟ್ರುಗಳೇ ಪ್ರಾಯದ ಮಕ್ಕಳದ್ದು ತಗೊಳ್ಲಿಕ್ಕೆ ಹಿಂದೆಮುಂದೆ ನೋಡ್ತಾರೆ. ಶುಗರ್ ಬಿಪಿ ಇಲ್ಲದ ಅಮ್ಮ ಎಷ್ಟೋ ಸಲ ಮಕ್ಕಳಿಗಿಂತ ಒಳ್ಳೆ ಡೋನರ್. ಡೋನರ್‌ಗೆ ಈಗ ಸಣ್ಣ ತೂತು ಮಾಡಿ ದೂರ್ಬೀನಿನಲ್ಲೇ ಆಪರೇಷನ್ ಮಾಡುದು, ಕೆಲವೇ ದಿನದಲ್ಲಿ ಮನೆಗೆ, ಉಳಿದ ಒಂದು ಕಿಡ್ನಿ ಸ್ವಲ್ಪ ದೊಡ್ಡದಾಗಿ ಕೆಲಸ ಜಾಸ್ತಿ ಮಾಡ್ತದೆ. ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ನೋಡಿಸುದು ಜೀವಮಾನ ಇಡೀ ತಪ್ಪಿಸ್ಬಾರ್ದು. ಕೊಟ್ಟವ್ರನ್ನು ಮನೆಯವ್ರು ಮರೆತುಬಿಡುದೇ ಹೆಚ್ಚು.


ಬ್ರಹ್ಮಾವರದವ

ಎಲ್ರಿಗೂ ತುಂಬ ಥ್ಯಾಂಕ್ಸ್. ಬಯೋಮೆಡ್ ಅವ್ರು ಬರೆದದ್ದನ್ನು ಹಾಗೇ ಅಣ್ಣನಿಗೆ ಕಳಿಸಿದೆ, ಒಂದು ದಿನ ಸುದ್ದಿ ಇಲ್ಲ, ಮತ್ತೆ ಫೋನ್ ಮಾಡಿ ಅಮ್ಮನ ಹತ್ರವೇ ಮಾತಾಡಿದ. ಟೀಚರ್ ಹೇಳಿದ ಹಾಗೆ ಅಮ್ಮನನ್ನು ಒಬ್ರನ್ನೇ ಕಳಿಸಿದೆ, ಒಳಗೆ ಎಂತ ಮಾತಾಡಿದ್ರು ನಾನು ಕೇಳ್ಲಿಲ್ಲ. ಹೊರಗೆ ಬಂದು ಸಿಟಿ ಆಂಜಿಯೋಗೆ ಯಾವಾಗ ಬರ್ಬೇಕು ಅಂತ ನನ್ನ ಹತ್ರವೇ ಕೇಳಿದ್ರು, ಅಪ್ಪನ ರಕ್ತ ಅಮ್ಮನ ಕಿಡ್ನಿಯನ್ನು ಒಪ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್‌ಗೂ ರಕ್ತ ಕೊಟ್ಟಾಗಿದೆ. ಅಣ್ಣನೂ ರಜೆ ಕೇಳಿದ್ದಾನಂತೆ. ಒಂದು ಡೌಟು, ಮ್ಯಾಚ್ ಆಗದಿದ್ರೆ ಅಂತ ಈಗಲೇ ಜೀವಸಾರ್ಥಕತೆಯ (ಸತ್ತವರ ಅಂಗ ಹಂಚುವ ಸರ್ಕಾರದ ಸಂಸ್ಥೆ) ಲಿಸ್ಟಲ್ಲೂ ಹೆಸರು ಹಾಕಿಸ್ಬಹುದಾ? ಮತ್ತೆ ಅಲ್ಲಿವರೆಗೆ ಅಪ್ಪನ ವಿಷಯದಲ್ಲಿ ಎಂತಾದ್ರೂ ಜಾಗ್ರತೆ ಮಾಡುದುಂಟಾ?


ಟೆಕ್ನಿಷಿಯನ್, ಮಂಗ್ಳೂರು

ಹಾಕಿಸಿ, ಆಸ್ಪತ್ರೆಯ ಮೂಲಕವೇ ಹೆಸರು ಹೋಗುದು. ಆದ್ರೆ ಸತ್ತವರಿಂದ ದಾನ ನಮ್ಮ ದೇಶದಲ್ಲಿ ಹತ್ತು ಲಕ್ಷ ಜನಕ್ಕೆ ಒಬ್ಬರೂ ಇಲ್ಲ, ಸರದಿ ಉದ್ದ ಉಂಟು. ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದ್ರೆ, ಅಂದ್ರೆ ಹೊಂದದಿದ್ರೆ, ಸ್ವಾಪ್ ಬಗ್ಗೆ ಕೇಳಿ, ನಿಮ್ಮ ಅಮ್ಮನದ್ದು ಇನ್ನೊಂದು ಮನೆಗೆ, ಅವ್ರದ್ದು ಅಪ್ಪನಿಗೆ, 2011ರ ತಿದ್ದುಪಡಿಯಲ್ಲಿ ಅದಕ್ಕೆ ಕಾನೂನಲ್ಲೇ ಜಾಗ ಮಾಡಿದ್ದಾರೆ.

ಅಪ್ಪನಿಗೆ ಫಿಸ್ಟುಲಾ (ಡಯಾಲಿಸಿಸ್‌ಗೋಸ್ಕರ ರಕ್ತನಾಳ ಜೋಡಿಸಿದ್ದು) ಇರುವ ಕೈಯಲ್ಲಿ ಬಿಪಿ ನೋಡ್ಲಿಕ್ಕೆ, ಸೂಜಿ ಚುಚ್ಚಲಿಕ್ಕೆ ಯಾರಿಗೂ ಬಿಡ್ಬೇಡಿ. ಹೆಪಟೈಟಿಸ್ ಬಿ ವ್ಯಾಕ್ಸಿನ್ ಕೋರ್ಸ್ ಬಾಕಿ ಇದ್ರೆ ಈಗಲೇ ಮುಗಿಸಿ. ಹಿಮೋಗ್ಲೋಬಿನ್ ಇಳಿದು ಬೇರೆ ಎಲ್ಲಿಯಾದ್ರೂ ಅಡ್ಮಿಟ್ ಆಗಿ ಅಲ್ಲಿ ರಕ್ತ ಏರಿಸ್ಲಿಕ್ಕೆ ಹೊರಟ್ರೆ, ಟ್ರಾನ್ಸ್‌ಪ್ಲಾಂಟ್ ತಯಾರಿಯಲ್ಲಿದ್ದಾರೆ, ನಮ್ಮ ನೆಫ್ರಾಲಜಿಸ್ಟ್‌ಗೆ ಮೊದಲು ಫೋನ್ ಮಾಡಿ ಅಂತ ಹೇಳಿ. ಬೇರೆಯವ್ರ ರಕ್ತ ಹೋದಷ್ಟೂ ಆ್ಯಂಟಿಬಾಡಿ ಹುಟ್ಟಿ ಅಮ್ಮನ ಕಿಡ್ನಿಯೇ ಆಗದ ಹಾಗೆ ಆಗ್ಬಹುದು. ಬೇಕೇ ಬೇಕು ಅಂತಾದ್ರೆ ಬಿಳಿ ರಕ್ತಕಣ ಸೋಸಿದ ರಕ್ತ ಕೇಳಿ.